ಟೆಕ್ಸಾಸಿನ ಪುಷ್ಯರಾಗ

ಡಾಲಸ್, ಹ್ಯೂಸ್ಟನ್, ಆಸ್ಟಿನ್ ನಗರಗಳಲ್ಲಿ ದಶಕಗಳಿಂದ ನೆಲೆಸಿರುವ ನಮ್ಮವರಲ್ಲಿ ಅನೇಕರಿಗೆ ಈ ರಾಜ್ಯಕ್ಕೆ ತನ್ನದೇ ಆದ ರತ್ನವೊಂದಿದೆ ಎಂಬ ಸಂಗತಿ ತಿಳಿಯದು. 1969ರಲ್ಲಿ ಟೆಕ್ಸಾಸಿನ ಶಾಸನಸಭೆ ಟೋಪಾಜನ್ನು ರಾಜ್ಯರತ್ನವೆಂದು ಅಂಗೀಕರಿಸಿತು. ನಿಘಂಟು ತೆರೆದರೆ ಟೋಪಾಜ್ ಎಂಬುದಕ್ಕೆ ಪುಷ್ಯರಾಗ ಎಂಬ ಅರ್ಥ ಕಾಣುತ್ತದೆ. ತೊಡಕು ಆರಂಭವಾಗುವುದು ಅಲ್ಲಿಯೇ.

ನವರತ್ನಗಳಲ್ಲಿ ಗುರುಗ್ರಹಕ್ಕೆ ಸಂದ ಕನಕ ಪುಷ್ಯರಾಗವೆಂದರೆ ಹರಳಿನ ವ್ಯಾಪಾರಿಗಳ ಲೆಕ್ಕದಲ್ಲಿ ಹಳದಿ ಸಫೈರ್. ಅದು ಮಾಣಿಕ್ಯ, ನೀಲಗಳ ಒಡಹುಟ್ಟು, ಕುರುಂದವೆಂಬ ಖನಿಜ. ಟೋಪಾಜ್ ಬೇರೆಯೇ ಕುಲದ್ದು. ಅಲ್ಯೂಮಿನಿಯಂ, ಸಿಲಿಕಾನ್‌ಗಳ ಜೊತೆಗೆ ಫ್ಲೋರಿನ್ ಬೆರೆತದ್ದು. ಮೋಸ್ ಮಾಪನದಲ್ಲಿ ಸಫೈರಿನ ಗಡಸುತನ 9, ಟೋಪಾಜಿನದು 8. ಸಾಲದುದಕ್ಕೆ ಟೋಪಾಜಿಗೆ ಒಂದು ದಿಕ್ಕಿನಲ್ಲಿ ನುಣುಪಾಗಿ ಸೀಳಿಹೋಗುವ ಗುಣವಿದೆ. ದಿನವೂ ಪಾತ್ರೆ ತೊಳೆಯುವ ಕೈಯ ಉಂಗುರಕ್ಕೆ ಇದು ಒಪ್ಪುವ ಕಲ್ಲಲ್ಲ ಎಂದೇ ನನ್ನ ಅಭಿಪ್ರಾಯ.

ನಮ್ಮ ಬಳಗದ ತಾಯಿಯೊಬ್ಬರು ಮಗಳ ಮದುವೆಗೆಂದು ಸಾಕಷ್ಟು ಬೆಲೆ ತೆತ್ತು ನವರತ್ನದ ಉಂಗುರ ಕೊಂಡರು. ರಸೀದಿಯಲ್ಲಿ ಪುಷ್ಯರಾಗ ಎಂದಷ್ಟೇ ಬರೆದಿತ್ತು. ಮುಂದೆ ಪರೀಕ್ಷೆ ಮಾಡಿಸಿದಾಗ ಅದು ಟೋಪಾಜ್ ಎಂದು ತಿಳಿಯಿತು. ಅಂಗಡಿಯಾತ ಸುಳ್ಳಾಡಿದನೆನ್ನುವಂತಿಲ್ಲ, ನಿಘಂಟು ಅವನ ಪರವಾಗಿತ್ತು! ಬೆಳಕನ್ನು ಬಾಗಿಸುವ ಪ್ರಮಾಣವನ್ನು ಅಳೆಯುವ ಪುಟ್ಟ ಉಪಕರಣ ಈ ಗುಟ್ಟನ್ನು ಕ್ಷಣದಲ್ಲಿ ಬಯಲಾಗಿಸುತ್ತದೆ: ಸಫೈರಿಗೆ ಸುಮಾರು 1.76, ಟೋಪಾಜಿಗೆ 1.62. ಆದ್ದರಿಂದ ಸೋದರಿಯರೇ, ರಸೀದಿಯಲ್ಲಿ ಖನಿಜದ ಹೆಸರನ್ನೇ ಬರೆಸಿಕೊಳ್ಳಿ.

ಹಾಗೆಂದು ಟೋಪಾಜನ್ನು ಹಗುರಾಗಿ ಕಾಣಬೇಕಾಗಿಲ್ಲ. ಆಸ್ಟಿನ್‌ನಿಂದ ವಾಯವ್ಯಕ್ಕೆ ಎರಡು ಗಂಟೆ ಸಾಗಿದರೆ ಮೇಸನ್ ಕೌಂಟಿ ಸಿಗುತ್ತದೆ. ಹಾದಿಯ ಗ್ರಾನೈಟ್ ಬಂಡೆಗಳನ್ನು ಕಂಡಾಗ ನನಗೆ ರಾಮನಗರ, ಹಂಪಿಗಳ ನೆನಪಾಗುತ್ತದೆ. ವಯಸ್ಸಿನಲ್ಲಿ ನಮ್ಮವೇ ಹಿರಿಯವು: ಇಲ್ಲಿಯವು ಸುಮಾರು 110 ಕೋಟಿ ವರ್ಷದವು, ನಮ್ಮವು 250 ಕೋಟಿ ವರ್ಷದವು. ಕರಗಿದ ಶಿಲೆ ತಣ್ಣಗಾಗುವಾಗ ಕೊನೆಗುಳಿದ, ಫ್ಲೋರಿನ್ ತುಂಬಿದ ರಸ ಬಿರುಕುಗಳಲ್ಲಿ ಹೆಪ್ಪುಗಟ್ಟಿ, ಬೆಣಚುಕಲ್ಲು ಮತ್ತು ಫೆಲ್ಡ್‌ಸ್ಪಾರ್‌ಗಳ ನಡುವೆ ಟೋಪಾಜ್ ಹರಳಾಯಿತು. ಸ್ಟ್ರೀಟರ್, ಗ್ರಿಟ್, ಕಟೆಮ್ಸಿ ಹಳ್ಳಿಗಳ ಸುತ್ತಲಿನ ತೊರೆಗಳಲ್ಲಿ ಅದು ಉರುಳುಗಲ್ಲಾಗಿ ಸಿಗುತ್ತದೆ. ಈ ಸೀಮೆಯ ಒಂದು ಹರಳು 1 ಕಿಲೋ ಮೀರಿ ತೂಗಿ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹಾಲಯ ಸೇರಿದೆ.

ಇಲ್ಲಿಯ ಟೋಪಾಜ್ ಬಹುಪಾಲು ನೀರಿನಂತೆ ಬಣ್ಣವಿಲ್ಲದ್ದು. ಆಕಾಶದ ತಿಳಿನೀಲಿ ಸುಳಿದಿರುವುದು ಅಪರೂಪ, ಸಂಗ್ರಾಹಕರು ಹಂಬಲಿಸುವುದು ಅದಕ್ಕಾಗಿಯೇ. ಅಂಗಡಿಗಳಲ್ಲಿ ರಾಶಿರಾಶಿಯಾಗಿ ಮಿನುಗುವ ಕಡುನೀಲಿ ಟೋಪಾಜ್‌ನ ಕಥೆ ಬೇರೆ. ಬಣ್ಣವಿಲ್ಲದ ಕಲ್ಲಿಗೆ ವಿಕಿರಣ ಹಾಯಿಸಿ, ಬಳಿಕ ಕಾಯಿಸಿ ಪಡೆದ ನೀಲಿ ಅದು. ರಿಯಾಕ್ಟರಿನಿಂದ ಬಂದದ್ದಾದರೆ ವಿಕಿರಣ ತಗ್ಗುವವರೆಗೆ ಕಾದಿರಿಸಿ ಮಾರಬೇಕು. ಧರಿಸಲು ಭಯವಿಲ್ಲ, ಮೇಸನ್ನಿನ ಮಸುಕು ನೀಲಿಯೇ ನನಗೆ ಹೆಚ್ಚು ಪ್ರಿಯ. 1977ರಲ್ಲಿ ರಾಜ್ಯದ ಕಟಾವೆಂದು ಅಂಗೀಕೃತವಾದ ‘ಲೋನ್ ಸ್ಟಾರ್’ ಬಗೆಯಲ್ಲಿ ಅರೆದರೆ ಕಲ್ಲಿನೊಳಗೆ ಐದು ಮೂಲೆಯ ನಕ್ಷತ್ರ ಮೂಡುತ್ತದೆ.

ರತ್ನಗಳನ್ನು ನೋಡುವ ಆಸೆಯುಳ್ಳವರಿಗೆ ಹ್ಯೂಸ್ಟನ್ನಿನ ನ್ಯಾಚುರಲ್ ಸೈನ್ಸ್ ಮ್ಯೂಸಿಯಮ್ಮಿನಲ್ಲಿಯೂ 2012ರಲ್ಲಿ ತೆರೆದ ಡಾಲಸ್ಸಿನ ಪೆರೋ ಮ್ಯೂಸಿಯಮ್ಮಿನಲ್ಲಿಯೂ ಸೊಗಸಾದ ಅಂಗಣಗಳಿವೆ. ಹುಡುಕುವ ಹುಮ್ಮಸ್ಸಿನವರು ಮೇಸನ್ನಿಗೇ ಹೋಗಬೇಕು. ಅಲ್ಲಿಯದು ಬಹುತೇಕ ಖಾಸಗಿ ಜಮೀನು. ಮಾಲೀಕರ ಅನುಮತಿ ಪಡೆದೇ ಕಾಲಿಡಬೇಕು. ಜರಡಿ, ಗುದ್ದಲಿ, ಕುಡಿಯುವ ನೀರು ಜೊತೆಗಿರಲಿ. ಹಾವಿನ ಮೇಲೂ ಒಂದು ಕಣ್ಣಿರಲಿ. ಟೋಪಾಜ್ ಬೆಣಚುಕಲ್ಲಿಗಿಂತ ಭಾರ, ಆದ್ದರಿಂದ ತೊರೆಯ ತಳದ ಜಲ್ಲಿಯನ್ನೇ ಜಾಲಿಸಿ. ಗಾತ್ರಕ್ಕೆ ಮೀರಿ ತೂಗುವ, ಒಂದು ಮಗ್ಗುಲು ಗಾಜಿನಂತೆ ಚಪ್ಪಟೆಯಾದ ಕಲ್ಲು ಕೈಗೆ ಬಂದರೆ ಎಸೆಯಬೇಡಿ.