ಉಚಿತ ತಂತ್ರಾಂಶ: ಇಳಿಸಿಕೊಳ್ಳುವ ಮುನ್ನ ಒಂದಿಷ್ಟು ಎಚ್ಚರ

ಯಳಂದೂರು ತಾಲ್ಲೂಕಿನ ಅಗರದಲ್ಲಾಗಲಿ, ಬೆಂಗಳೂರಿನ ಜಯನಗರದಲ್ಲಾಗಲಿ, ಹೊಸ ಗಣಕಯಂತ್ರವನ್ನು ಮನೆಗೆ ತಂದ ಕನ್ನಡಿಗನಿಗೆ ಎದುರಾಗುವ ಮೊದಲ ಪ್ರಶ್ನೆ ಒಂದೇ: ಇದರಲ್ಲಿ ಕನ್ನಡ ಬರೆಯುವುದು ಹೇಗೆ? ಎರಡು ದಶಕಗಳ ಹಿಂದೆ ಅದಕ್ಕೆ ಬೇಕಾದ ತಂತ್ರಾಂಶವನ್ನು ಪರಿಚಿತರಿಂದಲೋ, ಪೇಟೆಯ ಗಣಕ ಕೇಂದ್ರದಿಂದಲೋ ಸಿ.ಡಿ.ಯಲ್ಲಿ ತರುವುದು ರೂಢಿಯಾಗಿತ್ತು. ಕೊಟ್ಟವರ ಮುಖವಾದರೂ ಗೊತ್ತಿರುತ್ತಿತ್ತು. ಈಗ ಹುಡುಕುತಾಣದಲ್ಲಿ ತಂತ್ರಾಂಶದ ಹೆಸರಿನ ಜೊತೆಗೆ ‘ಡೌನ್‌ಲೋಡ್’ ಎಂಬ ಪದ ಸೇರಿಸಿದರೆ ಸಾಕು, ಸಾಲು ಸಾಲು ಪುಟಗಳು ತೆರೆದುಕೊಳ್ಳುತ್ತವೆ. ಅವುಗಳಲ್ಲಿ ತಯಾರಕರದು ಯಾವುದು, ನಡುವೆ ನುಸುಳಿದವರದು ಯಾವುದು ಎಂಬುದು ಮೇಲ್ನೋಟಕ್ಕೆ ತಿಳಿಯುವುದಿಲ್ಲ.

ತಪ್ಪು ಆಯ್ಕೆಯ ಬೆಲೆ ದೊಡ್ಡದು. ಬ್ಯಾಂಕಿನ ವ್ಯವಹಾರ, ಪಹಣಿಯ ಪ್ರತಿ, ಮಕ್ಕಳ ಅಂಕಪಟ್ಟಿ ಎಲ್ಲವೂ ಅದೇ ಯಂತ್ರದಲ್ಲಿರುತ್ತವೆ. ಹಳ್ಳಿಯ ಸೇವಾ ಕೇಂದ್ರದ ಗಣಕವಾದರೆ ಊರಿನ ಅರ್ಧ ಜನರ ಆಧಾರ್ ಪ್ರತಿಗಳೂ ಅಲ್ಲಿರಬಹುದು. ಆದ್ದರಿಂದ ಉಚಿತ ತಂತ್ರಾಂಶವನ್ನು ಎಲ್ಲಿಂದ, ಹೇಗೆ ಪಡೆಯಬೇಕೆಂಬುದು ತಂತ್ರಜ್ಞರಿಗೆ ಮಾತ್ರ ಬಿಡುವ ವಿಷಯವಲ್ಲ.

ಉಚಿತ ಬೇರೆ, ಮುಕ್ತ ಬೇರೆ

ಇಂಗ್ಲಿಷಿನಲ್ಲಿ ‘ಫ್ರೀ’ ಎಂಬ ಒಂದೇ ಪದ ಬೆಲೆಯಿಲ್ಲದ್ದನ್ನೂ ಸೂಚಿಸುತ್ತದೆ, ಸ್ವಾತಂತ್ರ್ಯವನ್ನೂ ಸೂಚಿಸುತ್ತದೆ. ಕನ್ನಡದಲ್ಲಿ ಈ ಗೊಂದಲವಿಲ್ಲ. ದುಡ್ಡು ಕೊಡದೆ ಸಿಗುವುದು ಉಚಿತ ತಂತ್ರಾಂಶ. ಬಳಸುವ, ಒಳರಚನೆಯನ್ನು ಪರಿಶೀಲಿಸುವ, ತಿದ್ದುವ, ಇತರರಿಗೆ ಹಂಚುವ ಹಕ್ಕುಗಳನ್ನು ಕೊಡುವುದು ಮುಕ್ತ ತಂತ್ರಾಂಶ. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ‘ಗ್ನು’ ಯೋಜನೆಯನ್ನು ಘೋಷಿಸಿದ್ದು ಈ ಎರಡನೆಯ ಅರ್ಥದಲ್ಲಿ. ಫೈರ್‌ಫಾಕ್ಸ್, ಲಿಬ್ರೆಆಫೀಸ್, ವಿ.ಎಲ್.ಸಿ., ಚಿತ್ರ ತಿದ್ದುವ ಗಿಂಪ್ ಮುಂತಾದವು ಇದೇ ಸಾಲಿಗೆ ಸೇರುತ್ತವೆ.

ಈ ವ್ಯತ್ಯಾಸಕ್ಕೆ ಕನ್ನಡದಲ್ಲಿಯೇ ಉದಾಹರಣೆಯಿದೆ. ಶೇಷಾದ್ರಿವಾಸು ಚಂದ್ರಶೇಖರನ್ ಅವರು 1998ರಲ್ಲಿ ಹೊರತಂದ ‘ಬರಹ’ ಹಲವು ವರ್ಷ ಉಚಿತವಾಗಿ ದೊರೆಯಿತು. ದೇಶ ವಿದೇಶಗಳ ಕನ್ನಡಿಗರು ಅದರಿಂದಲೇ ಗಣಕದಲ್ಲಿ ಕನ್ನಡ ಕಲಿತರು. ಮುಂದೆ ಅದು ಬೆಲೆ ಕೊಟ್ಟು ಕೊಳ್ಳುವ ತಂತ್ರಾಂಶವಾಯಿತು. ಅದರಲ್ಲಿ ತಪ್ಪೇನೂ ಇಲ್ಲ, ದುಡಿದವರಿಗೆ ಪ್ರತಿಫಲ ಬೇಕು. ಆದರೆ ಇಂದು ಉಚಿತವಾಗಿರುವುದು ನಾಳೆಯೂ ಹಾಗೆಯೇ ಇರಬೇಕಿಲ್ಲ ಎಂಬುದನ್ನು ಬಳಕೆದಾರರು ಅರಿತಿರಬೇಕು. ಮುಕ್ತ ತಂತ್ರಾಂಶವಾದರೆ, ಒಬ್ಬರು ಕೈಬಿಟ್ಟರೂ ಬೇರೆಯವರು ಅದನ್ನು ಮುಂದುವರಿಸಬಹುದು.

ಉಚಿತವೆಂದು ತೋರುವ ಮೂರನೆಯ ಬಗೆಯೊಂದಿದೆ, ಅದೇ ಕಳ್ಳಪ್ರತಿ. ಬೀಗ ಮುರಿದ ಚಿತ್ರ ತಂತ್ರಾಂಶಗಳು, ನಕಲಿ ಪರವಾನಗಿ ಸೃಷ್ಟಿಸುವ ಪುಟ್ಟ ಕಡತಗಳು ಇದಕ್ಕೆ ಸೇರುತ್ತವೆ. ಇಂಥ ಕಡತಗಳು ‘ಮೊದಲು ವೈರಸ್ ನಿರೋಧಕವನ್ನು ಆರಿಸಿ’ ಎಂದು ಸೂಚಿಸುವುದುಂಟು. ಕಳ್ಳನೇ ಬಂದು ಕಾವಲುಗಾರನನ್ನು ಮಲಗಿಸಲು ಹೇಳಿದಂತೆ ಇದು. ಕಾನೂನಿನ ಭಯವೂ ಇದೆ: ಕೃತಿಸ್ವಾಮ್ಯ ಕಾಯ್ದೆಯ 63ಬಿ ವಿಧಿಯಂತೆ, ತಿಳಿದೂ ಕಳ್ಳಪ್ರತಿಯನ್ನು ಗಣಕದಲ್ಲಿ ಬಳಸಿದವರಿಗೆ ಏಳು ದಿನಗಳಿಂದ ಮೂರು ವರ್ಷಗಳವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶವಿದೆ.

ಇಳಿಸಿಕೊಳ್ಳಲೇಬೇಕೆ?

ಎಲ್ಲಕ್ಕಿಂತ ಸುರಕ್ಷಿತವಾದ ತಂತ್ರಾಂಶವೆಂದರೆ ಇಳಿಸಿಕೊಳ್ಳುವ ಅಗತ್ಯವೇ ಇಲ್ಲದ್ದು. ಕನ್ನಡ ಬೆರಳಚ್ಚಿಗೆ ಹೊರಗಿನ ತಂತ್ರಾಂಶ ಅನಿವಾರ್ಯವಾಗಿದ್ದ ಕಾಲ ಬಹುಮಟ್ಟಿಗೆ ಮುಗಿದಿದೆ. ವಿಂಡೋಸ್ ಎಕ್ಸ್‌ಪಿಯ ಕಾಲದಿಂದಲೇ ‘ತುಂಗಾ’ ಅಕ್ಷರವಿನ್ಯಾಸ ಗಣಕದ ಜೊತೆಗೇ ಬರತೊಡಗಿತು. 2019ರ ಮೇ ತಿಂಗಳಿನ ಪರಿಷ್ಕರಣೆಯಿಂದ ವಿಂಡೋಸ್ 10ರಲ್ಲಿ ಕನ್ನಡದ ಉಚ್ಚಾರಣಾಧಾರಿತ ಕೀಲಿಮಣೆಯೂ ಸೇರಿತು. ವ್ಯವಸ್ಥೆಯ ಭಾಷಾ ವಿಭಾಗದಲ್ಲಿ ಕನ್ನಡವನ್ನು ಸೇರಿಸಿಕೊಂಡರೆ ಇದು ದೊರೆಯುತ್ತದೆ. ಲಿನಕ್ಸ್‌ನಲ್ಲಂತೂ ಕನ್ನಡ ಗಣಕ ಪರಿಷತ್ತಿನ ಹೆಸರಿನ ‘ಕಗಪ’ ವಿನ್ಯಾಸವೇ ಕೀಲಿಮಣೆಗಳ ಪಟ್ಟಿಯಲ್ಲಿದೆ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿ ವಿನ್ಯಾಸವೇ ಅದರ ಮೂಲ.

ಹಾಗಿದ್ದರೂ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ಯನ್ನು ಹುಡುಕುವವರು ಕಡಿಮೆಯಾಗಿಲ್ಲ. ಸರ್ಕಾರಿ ಕಚೇರಿಗಳ, ಮುದ್ರಣಾಲಯಗಳ ಹಳೆಯ ಕಡತಗಳು ಯೂನಿಕೋಡ್ ಅಲ್ಲದ ನುಡಿ ಅಕ್ಷರಗಳಲ್ಲಿವೆ. ಆ ಅಕ್ಷರವಿನ್ಯಾಸವಿಲ್ಲದ ಗಣಕದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ನಾಳೆಯೇ ಕಚೇರಿಗೆ ಕೊಡಬೇಕಾದ ಪತ್ರ ಹೀಗೆ ಕಂಡಾಗ, ಗಾಬರಿಯಲ್ಲಿ ಮೊದಲು ಸಿಕ್ಕ ಕೊಂಡಿಯನ್ನು ಒತ್ತುವ ಸಂಭವ ಹೆಚ್ಚು. ಮೋಸಗಾರರು ಕಾಯುವುದೂ ಇಂಥ ಗಳಿಗೆಯನ್ನೇ.

ಎಲ್ಲಿಂದ ಪಡೆಯಬೇಕು?

ಮೊದಲ ನಿಯಮ: ತಯಾರಕರ ಜಾಲತಾಣದಿಂದಲೇ ಇಳಿಸಿಕೊಳ್ಳಬೇಕು. ಹುಡುಕುತಾಣದ ಮೊದಲ ಫಲಿತಾಂಶವೇ ತಯಾರಕರದೆಂದು ನಂಬುವಂತಿಲ್ಲ. 2022ರಲ್ಲಿ ಗಿಂಪ್ ಹೆಸರಿನಲ್ಲಿ ಗೂಗಲ್‌ನಲ್ಲಿ ಕಾಣಿಸಿಕೊಂಡ ಜಾಹೀರಾತೊಂದು ನಿಜವಾದ ವಿಳಾಸವನ್ನೇ ತೋರಿಸುತ್ತ, ಒತ್ತಿದವರನ್ನು ಒಂದೆರಡು ಅಕ್ಷರ ಮಾತ್ರ ಬೇರೆಯಾದ ನಕಲಿ ತಾಣಕ್ಕೆ ಒಯ್ದಿತ್ತು. ‘ಪ್ರಾಯೋಜಿತ’ ಎಂಬ ಸೂಚನೆಯಿರುವ ಫಲಿತಾಂಶಗಳನ್ನು ದಾಟಿ ಮುಂದೆ ಹೋಗುವುದು ಒಳಿತು. ತಂತ್ರಾಂಶದ ಬಗೆಗಿನ ವಿಕಿಪೀಡಿಯ ಲೇಖನದಲ್ಲಿ ಅಧಿಕೃತ ತಾಣದ ಕೊಂಡಿ ಸಾಮಾನ್ಯವಾಗಿ ಇರುತ್ತದೆ. ಎರಡನ್ನೂ ಹೋಲಿಸಿ ನೋಡಬಹುದು. ವಿಳಾಸದ ಬಳಿಯ ಬೀಗದ ಚಿಹ್ನೆ ಸಂಪರ್ಕ ಗುಪ್ತವಾಗಿದೆ ಎಂದಷ್ಟೇ ಹೇಳುತ್ತದೆ, ತಾಣದವರು ಪ್ರಾಮಾಣಿಕರೆಂದು ಹೇಳುವುದಿಲ್ಲ.

ಎರಡನೆಯದು, ತಂತ್ರಾಂಶಗಳ ‘ಸಂತೆ’ಗಳ ಬಗ್ಗೆ ಎಚ್ಚರ. ಸಾವಿರಾರು ತಂತ್ರಾಂಶಗಳನ್ನು ಒಂದೆಡೆ ಪೇರಿಸಿಟ್ಟ ಕೆಲವು ತಾಣಗಳು ಮೂಲ ಕಡತಕ್ಕೆ ತಮ್ಮದೊಂದು ಹೊದಿಕೆ ಸುತ್ತಿ, ಜಾಹೀರಾತಿನ ತಂತ್ರಾಂಶಗಳನ್ನು ಜೊತೆಗೆ ತುರುಕುತ್ತವೆ. ಹೆಸರಾಂತ ಸೋರ್ಸ್‌ಫೋರ್ಜ್ ಕೂಡ ಒಂದು ಕಾಲಕ್ಕೆ ಈ ದಾರಿ ಹಿಡಿದಿತ್ತು. 2015ರಲ್ಲಿ ಗಿಂಪ್‌ನ ವಿಂಡೋಸ್ ಆವೃತ್ತಿಗೆ ಇಂಥ ಹೊದಿಕೆ ಸೇರಿದ್ದು ದೊಡ್ಡ ವಿವಾದವಾಯಿತು. 2016ರಲ್ಲಿ ಒಡೆತನ ಬದಲಾದ ಬಳಿಕ ಆ ಪದ್ಧತಿಯನ್ನು ಕೈಬಿಡಲಾಯಿತು.

ಮೂರನೆಯದು, ಪುಟದಲ್ಲಿ ಕಾಣುವ ಅತಿ ದೊಡ್ಡ ಹಸಿರು ಗುಂಡಿ ಅನೇಕ ವೇಳೆ ಜಾಹೀರಾತೇ ಆಗಿರುತ್ತದೆ. ಸೂಚಕವನ್ನು ಅದರ ಮೇಲಿಟ್ಟರೆ ಕೊಂಡಿಯ ವಿಳಾಸ ಪರದೆಯ ಕೆಳಗಡೆ ಕಾಣುತ್ತದೆ. ಅದು ಬೇರೆ ತಾಣದ್ದಾಗಿದ್ದರೆ ಮತ್ತೊಮ್ಮೆ ಯೋಚಿಸಬೇಕು.

ತೆರೆಯುವ ಮುನ್ನ ಪರೀಕ್ಷೆ

ಕಡತ ಇಳಿದ ಕೂಡಲೇ ತೆರೆಯುವ ಆತುರ ಬೇಡ. ವಿಂಡೋಸ್‌ನಲ್ಲಿ ಕಡತದ ಮೇಲೆ ಬಲಗುಂಡಿ ಒತ್ತಿ ‘ಪ್ರಾಪರ್ಟೀಸ್’ ನೋಡಿದರೆ, ತಯಾರಕರು ಡಿಜಿಟಲ್ ಸಹಿ ಹಾಕಿದ್ದಲ್ಲಿ ಅವರ ಹೆಸರು ಅಲ್ಲಿ ದೊರೆಯುತ್ತದೆ. ಹಲವು ತಯಾರಕರು ಕಡತದ ‘ಶಾ-256’ ಮೊತ್ತವನ್ನೂ ಪ್ರಕಟಿಸುತ್ತಾರೆ. 64 ಅಕ್ಷರ ಹಾಗೂ ಅಂಕಿಗಳ ಈ ಸಾಲು ಕಡತದ ಬೆರಳಚ್ಚಿನ ಗುರುತಿದ್ದಂತೆ. ಕಡತದ ಒಂದು ಅಕ್ಷರ ಬದಲಾದರೂ ಸಾಲು ಪೂರ್ತಿ ಬೇರೆಯಾಗುತ್ತದೆ. ವಿಂಡೋಸ್‌ನ ‘ಸರ್ಟ್‌ಯುಟಿಲ್’ ಆಜ್ಞೆಯಿಂದ ಇದನ್ನು ಲೆಕ್ಕ ಹಾಕಿ ಹೋಲಿಸಬಹುದು. ಸಂಶಯ ಉಳಿದರೆ ‘ವೈರಸ್‌ಟೋಟಲ್’ ತಾಣಕ್ಕೆ ಕಡತವನ್ನು ಕಳುಹಿಸಿದಲ್ಲಿ ಹತ್ತಾರು ವೈರಸ್ ನಿರೋಧಕಗಳ ತೀರ್ಪು ಒಟ್ಟಿಗೆ ಸಿಗುತ್ತದೆ. ಆದರೆ ಅಲ್ಲಿಗೆ ಕಳುಹಿಸಿದ್ದು ಇತರರಿಗೂ ಲಭ್ಯವಾಗಬಹುದಾದ್ದರಿಂದ ಸ್ವಂತ ದಾಖಲೆಗಳನ್ನು ಎಂದಿಗೂ ಕಳುಹಿಸಬಾರದು.

ಅನುಸ್ಥಾಪನೆಯ ಹಂತದಲ್ಲಿ ‘ಎಕ್ಸ್‌ಪ್ರೆಸ್’ ಬದಲಿಗೆ ‘ಕಸ್ಟಮ್’ ಆಯ್ಕೆ ಮಾಡಿ, ಪ್ರತಿ ಪರದೆಯನ್ನೂ ಓದಿ, ಬೇಡದ ಉಪಕರಣಗಳ ಮುಂದಿರುವ ಗುರುತನ್ನು ತೆಗೆದುಹಾಕಬೇಕು.

ಇಷ್ಟೆಲ್ಲ ಮಾಡಿದರೂ ನೂರಕ್ಕೆ ನೂರು ಭದ್ರತೆಯಿಲ್ಲ. 2016ರ ಫೆಬ್ರವರಿಯಲ್ಲಿ ಲಿನಕ್ಸ್ ಮಿಂಟ್‌ನ ಅಧಿಕೃತ ತಾಣಕ್ಕೇ ಕನ್ನ ಹಾಕಿ ಕಡತದ ಕೊಂಡಿಯನ್ನು ಬದಲಿಸಲಾಗಿತ್ತು. 2017ರಲ್ಲಿ ‘ಸಿಕ್ಲೀನರ್’ನ ಅಸಲಿ ಆವೃತ್ತಿಯೊಳಗೇ, ಸರಿಯಾದ ಸಹಿಯೊಡನೆಯೇ, ಕೇಡಿನ ಸಂಕೇತ ಸೇರಿತ್ತು. ಆದ್ದರಿಂದ ಮುಖ್ಯ ದಾಖಲೆಗಳ ಪ್ರತಿಯೊಂದನ್ನು ಗಣಕದಿಂದ ಕಳಚಿಟ್ಟ ಬೇರೆ ಡಿಸ್ಕಿನಲ್ಲಿ ಇಡುವುದು, ತಂತ್ರಾಂಶಗಳನ್ನು ಕಾಲಕಾಲಕ್ಕೆ ಪರಿಷ್ಕರಿಸುವುದು ಅನಿವಾರ್ಯ.

ಮೊಬೈಲ್‌ನಲ್ಲಿ ಇನ್ನಷ್ಟು ಎಚ್ಚರ

ಇಂದು ಹೆಚ್ಚಿನವರ ಗಣಕ ಅಂಗೈಯಲ್ಲಿದೆ. ಮದುವೆಯ ಕರೆಯೋಲೆ, ಸಂಚಾರ ದಂಡದ ನೋಟಿಸು, ಬ್ಯಾಂಕಿನ ಕೆ.ವೈ.ಸಿ. ಎಂಬ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ಗೆ ಬರುವ ‘ಎಪಿಕೆ’ ಕಡತಗಳು ಕರೆಯೋಲೆಯೂ ಅಲ್ಲ, ನೋಟಿಸೂ ಅಲ್ಲ, ಅವು ತಂತ್ರಾಂಶಗಳು. ಒಮ್ಮೆ ಒಳಹೊಕ್ಕರೆ ಒ.ಟಿ.ಪಿ. ಸಂದೇಶಗಳನ್ನು ಓದಿ ಖಾತೆಯನ್ನು ಬರಿದುಮಾಡಬಲ್ಲವು. ನೆಂಟರ ಸಂಖ್ಯೆಯಿಂದ ಬಂದರೂ ತೆರೆಯಬಾರದು. ಅವರ ಫೋನೇ ಪರರ ವಶವಾಗಿರಬಹುದು. ಒಂದು ಕರೆ ಮಾಡಿ ವಿಚಾರಿಸಿದರೆ ಸಂಶಯ ತೀರುತ್ತದೆ. ಪ್ಲೇ ಸ್ಟೋರ್ ಅಥವಾ ಮುಕ್ತ ತಂತ್ರಾಂಶಗಳಿಗೇ ಮೀಸಲಾದ ಎಫ್-ಡ್ರಾಯ್ಡ್ ಸಾಮಾನ್ಯ ಅಗತ್ಯಗಳಿಗೆ ಸಾಕು.

ಎಡವಿದ ಮೇಲೆ

ತಪ್ಪು ಕಡತ ತೆರೆದದ್ದು ತಿಳಿದೊಡನೆ ಅಂತರಜಾಲ ಸಂಪರ್ಕವನ್ನು ಕಡಿದು, ಬೇರೊಂದು ಯಂತ್ರದಿಂದ ಬ್ಯಾಂಕ್ ಹಾಗೂ ಇ-ಮೇಲ್ ಗುಪ್ತಪದಗಳನ್ನು ಬದಲಿಸಬೇಕು. ಹಣ ಹೋಗಿದ್ದರೆ ನಾಚಿಕೊಂಡು ಸುಮ್ಮನಿರದೆ ತಕ್ಷಣ 1930 ಸಂಖ್ಯೆಗೆ ಕರೆ ಮಾಡಬೇಕು; ತಡವಾದಷ್ಟೂ ಹಣ ಕೈಯಿಂದ ಕೈಗೆ ದಾಟುತ್ತದೆ. ಸೋಂಕು ತೊಳೆಯಲು ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲಿ ಉಚಿತ ಉಪಕರಣಗಳಿವೆ.

ಸಂತೆಯಲ್ಲಿ ಬಿತ್ತನೆ ಬೀಜ ಕೊಳ್ಳುವ ರೈತ ಚೀಲದ ಮೇಲಿನ ಹೆಸರನ್ನು ನೋಡುತ್ತಾನೆ, ಹೊಲಿಗೆ ಬಿಚ್ಚಿದೆಯೇ ಎಂದು ಪರೀಕ್ಷಿಸುತ್ತಾನೆ, ಮಾರುವವನನ್ನು ಎರಡು ಮಾತು ಕೇಳುತ್ತಾನೆ. ಉಚಿತ ತಂತ್ರಾಂಶಕ್ಕೂ ಬೇಕಾದದ್ದು ಅಷ್ಟೇ ಎಚ್ಚರ. ಅದಕ್ಕೆ ತಗಲುವ ಹೊತ್ತು ಐದು ನಿಮಿಷ ಮಾತ್ರ.