ಹೆಪ್ಪು ಹಾಕಿದ ನೀರು
ಹಿತ್ತಿಲಿನ ತೊಟ್ಟಿಯಲ್ಲಿ ಮೀನು, ಅದೇ ನೀರಿನಲ್ಲಿ ಸೊಪ್ಪು

ಊರಿಗೆ ಬಂದ ನೆಂಟರನ್ನು ಹೊಗೇನಕಲ್ಲಿಗೆ ಕರೆದೊಯ್ದು, ಹರಿಗೋಲಿನಲ್ಲಿ ಕುಳ್ಳಿರಿಸಿ, ದಡದಲ್ಲಿ ಹುರಿದ ಮೀನು ತಿನ್ನಿಸಿ ಕಳುಹಿಸುವುದು ನಮ್ಮ ಸೀಮೆಯ ಕನ್ನಡ ಮನೆಗಳ ವಾಡಿಕೆ. ಆದರೆ ನದಿಯಿಂದ ಇಪ್ಪತ್ತು ಕಿಲೋಮೀಟರು ಈಚೆಗೆ ಬಂದರೆ ಚಿತ್ರವೇ ಬೇರೆ. ಪೆನ್ನಾಗರ, ಧರ್ಮಪುರಿಗಳ ಮೇಡಿನಲ್ಲಿ ಬಾವಿಗಳು ಆಳಕ್ಕಿಳಿದಿವೆ. ಅನೇಕ ಕೊಳವೆ ಬಾವಿಗಳ ನೀರಿನಲ್ಲಿ ಫ್ಲೋರೈಡು ಲೀಟರಿಗೆ 1.5 ಮಿಲಿಗ್ರಾಮಿನ ಮಿತಿಯನ್ನು ಮೀರಿದೆ. 2013ರಲ್ಲಿ ಹೊಗೇನಕಲ್ ಕುಡಿಯುವ ನೀರಿನ ಯೋಜನೆ ಆರಂಭವಾದುದರಿಂದ ಕುಡಿಯುವ ನೀರಿನ ಕಷ್ಟ ಎಷ್ಟೋ ಹಗುರವಾಯಿತು. ಹಿತ್ತಿಲಿನ ದಂಟು, ಪಾಲಕ್ಕುಗಳ ದಾಹವಾದರೋ ಹಾಗೆಯೇ ಉಳಿದಿದೆ.

ಇಂತಹ ನೆಲದಲ್ಲಿ ಒಂದೇ ನೀರಿನಿಂದ ಮೀನನ್ನೂ ಸೊಪ್ಪನ್ನೂ ಬೆಳೆಯಬಹುದೆಂದು ಕೇಳಿದಾಗ ನಮಗೆ ಆಸೆ ಹುಟ್ಟಿದುದು ಸಹಜ. ಅಕ್ವಾಪೋನಿಕ್ಸ್ ಎಂದು ಕರೆಯಲಾಗುವ ಈ ಪದ್ಧತಿಯನ್ನು ನಮ್ಮ ಮನೆಯಲ್ಲಿ ಮಾಡಿ, ಕೆಡಿಸಿ, ಮತ್ತೆ ಮಾಡಿದ ಅನುಭವವನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ತತ್ತ್ವ ಹಳೆಯದು

ಕೆರೆಯ ಹೂಳನ್ನು ಗಾಡಿಗಳಲ್ಲಿ ಹೇರಿ ಹೊಲಕ್ಕೆ ಸುರಿಯುತ್ತಿದ್ದ ನಮ್ಮ ಹಿರಿಯರಿಗೆ ಇದರ ಮರ್ಮವನ್ನು ಹೇಳಿಕೊಡಬೇಕಾದುದಿಲ್ಲ. ಜಲಚರಗಳ ಕಸವೇ ಬೆಳೆಯ ಸಾರ. ಚೀನಾದ ರೈತರು ಭತ್ತದ ಗದ್ದೆಯಲ್ಲಿ ಮೀನು ಸಾಕುತ್ತ ಬಂದುದೂ ಇದೇ ತಿಳಿವಳಿಕೆಯಿಂದ. ಇದನ್ನು ತೊಟ್ಟಿ, ಕೊಳವೆ, ಪಂಪುಗಳ ಲೆಕ್ಕಕ್ಕೆ ಒಳಪಡಿಸಿದವರಲ್ಲಿ, ಸಿಹಿನೀರಿನ ಕೊರತೆಯುಳ್ಳ ವರ್ಜಿನ್ ದ್ವೀಪಗಳ ವಿಶ್ವವಿದ್ಯಾಲಯದಲ್ಲಿ 1980ರ ದಶಕದಿಂದ ದುಡಿದ ಜೇಮ್ಸ್ ರಕೋಸಿ ಎಂಬ ವಿಜ್ಞಾನಿ ಪ್ರಮುಖರು.

ಮೀನು ತಿಂದ ಆಹಾರದ ಒಂದು ಭಾಗ ಅಮೋನಿಯಾ ಆಗಿ ನೀರಿಗೆ ಸೇರುತ್ತದೆ. ಅದು ಹೆಚ್ಚಿದರೆ ಮೀನಿಗೆ ವಿಷ. ಕಲ್ಲುಜಲ್ಲಿಯ ಮೈಗೆ ಅಂಟಿ ಬದುಕುವ ಒಂದು ಬಗೆಯ ಸೂಕ್ಷ್ಮಾಣುಗಳು ಅದನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ಅದೂ ವಿಷವೇ. ಇನ್ನೊಂದು ಬಗೆಯ ಸೂಕ್ಷ್ಮಾಣುಗಳು ಅದನ್ನು ನೈಟ್ರೇಟ್ ಮಾಡುತ್ತವೆ. ಇದು ಗಿಡಗಳಿಗೆ ಗೊಬ್ಬರ. ಗಿಡ ಗೊಬ್ಬರವನ್ನು ಹೀರಿ ತಿಳಿಗೊಳಿಸಿದ ನೀರು ತಿರುಗಿ ಮೀನಿನ ತೊಟ್ಟಿಗೆ ಬರುತ್ತದೆ. ನೀರು ಹೊರಕ್ಕೆ ಹರಿದು ಹೋಗುವುದಿಲ್ಲ. ಬಿಸಿಲು ಹೀರಿದಷ್ಟು, ಎಲೆಗಳು ಉಸಿರಾಗಿ ಬಿಟ್ಟಷ್ಟು ಮಾತ್ರ ಕಡಮೆಯಾಗುತ್ತದೆ.

ಕಟ್ಟಿದ ಬಗೆ

500 ಲೀಟರಿನ ಒಂದು ತೊಟ್ಟಿ. ಅದರ ಮೇಲ್ಗಡೆ ಕಲ್ಲುಚಪ್ಪಡಿಯ ಆಸರೆಯಲ್ಲಿ ಒಂದು ಚದರ ಮೀಟರು ವಿಸ್ತಾರದ, ಒಂದು ಅಡಿ ಆಳದ ಸಸ್ಯಪಾತಿ. ಪಾತಿಯ ತುಂಬ ಚೆನ್ನಾಗಿ ತೊಳೆದ ಸಣ್ಣ ಜಲ್ಲಿ. ಕಲ್ಲುಕೋರೆಗಳ ನಾಡಾದ ನಮ್ಮಲ್ಲಿ ಜಲ್ಲಿಗೆ ಬರವಿಲ್ಲ. ಆದರೆ ಸುಣ್ಣದ ಅಂಶವುಳ್ಳ ಕಲ್ಲು ಆಗದು. ಮೇಲೆ ನಾಲ್ಕು ಹನಿ ವಿನಿಗರ್ ಬಿಟ್ಟಾಗ ನೊರೆಯೆದ್ದರೆ ಅಂತಹ ಕಲ್ಲನ್ನು ಬಿಡಬೇಕು. ತುಂಬಿದ ಪಾತಿ ಅರ್ಧ ಟನ್ನಿನಷ್ಟು ತೂಗುವುದರಿಂದ, ತಾರಸಿಯ ಮೇಲೆ ಇಡಬಯಸುವವರು ಬಲ್ಲವರನ್ನು ಕೇಳದೆ ಇಡಬಾರದು.

ಗಂಟೆಗೊಮ್ಮೆಯಾದರೂ ತೊಟ್ಟಿಯ ನೀರೆಲ್ಲ ಪಾತಿಯನ್ನು ಸುತ್ತಿ ಬರುವಂತೆ ಒಂದು ಚಿಕ್ಕ ಪಂಪು ಬೇಕು. ಏರಿಸುವುದು ಪಂಪಿನ ಕೆಲಸ. ಇಳಿಯುವುದು ನೀರಿನದೇ ಕೆಲಸ. ತೊಟ್ಟಿಗೆ ಬಿಸಿಲು ತಾಗಿದರೆ ಪಾಚಿ ಕಟ್ಟುವುದರಿಂದ ಮೇಲೆ ತೆಂಗಿನ ಗರಿಯ ನೆರಳು ಮಾಡಿದೆವು.

ನಾವು ಕಲಿತ ಪಾಠ

ನೀರು ತುಂಬಿದ ಮೂರನೆಯ ದಿನವೇ 40 ಜಿಲೇಬಿ ಮೀನಿನ ಮರಿಗಳನ್ನು ತಂದುಬಿಟ್ಟೆವು. ಮಕ್ಕಳ ಸಂತೋಷ ಹೇಳತೀರದು. ಹೊತ್ತು ಹೊತ್ತಿಗೆ ಹಿಡಿಹಿಡಿಯಾಗಿ ಆಹಾರ ಸುರಿದರು. ಒಂದು ವಾರ ಕಳೆಯುವುದರೊಳಗೆ ಮರಿಗಳು ನೀರಿನ ಮೇಲಕ್ಕೆ ಬಂದು ಬಾಯಿ ಬಿಡತೊಡಗಿದವು. ಎರಡು ವಾರದಲ್ಲಿ ಉಳಿದುದು ಒಂಬತ್ತೇ. ಸತ್ತ ಮರಿಗಳನ್ನು ಬೆಳಗಾಗುವ ಮುನ್ನವೇ, ಮಕ್ಕಳ ಕಣ್ಣಿಗೆ ಬೀಳದಂತೆ, ತೆಂಗಿನ ಬುಡದಲ್ಲಿ ಹೂಳುತ್ತಿದ್ದೆವು.

ನೀರಿನಲ್ಲಿ ಇನ್ನೂ ಸೂಕ್ಷ್ಮಾಣುಗಳು ನೆಲೆಗೊಂಡಿಲ್ಲ, ಅದಕ್ಕೆ ವಾರಗಳೇ ಬೇಕಂತೆ ಎಂದು ವಿವರಿಸಿದಾಗ ನಮ್ಮ ತಾಯಿಯವರು ನಕ್ಕು, “ಅಲ್ಲಪ್ಪಾ, ಹೆಪ್ಪೂ ಹಾಕದೆ ಮೊಸರು ಬಡಿಸೋಕೆ ಹೋದ್ಯಾ?” ಎಂದರು. ಆ ಒಂದು ಮಾತಿನಲ್ಲಿ ಶಾಸ್ತ್ರವೆಲ್ಲ ಅಡಗಿತ್ತು.

ಎರಡನೆಯ ಬಾರಿ ಹಾಗೆ ಆತುರಪಡಲಿಲ್ಲ. ಇಂತಹುದೇ ತೊಟ್ಟಿಯನ್ನು ನಡೆಸುತ್ತಿದ್ದ ಸ್ನೇಹಿತರ ಮನೆಯಿಂದ ಒಂದು ಬುಟ್ಟಿ ಹಸಿ ಜಲ್ಲಿಯನ್ನು ಒಣಗಲು ಬಿಡದೆ ತಂದು ನಮ್ಮ ಪಾತಿಗೆ ಬೆರೆಸಿದೆವು; ಅದೇ ನಮ್ಮ ಹೆಪ್ಪು. ಉಳಿದ ಒಂಬತ್ತು ಮೀನುಗಳಿಗೆ ಚಿಟಿಕೆಯಷ್ಟೇ ಆಹಾರ ಕೊಡುತ್ತ ಐದು ವಾರ ಕಾದೆವು. ಅಲಂಕಾರಿಕ ಮೀನಿನ ಅಂಗಡಿಗಳಲ್ಲಿ ದೊರೆಯುವ ಪರೀಕ್ಷಾ ದ್ರಾವಣದಿಂದ ಅಮೋನಿಯಾ, ನೈಟ್ರೈಟ್ ಎರಡೂ ಇಳಿದುದನ್ನು ಕಂಡ ಮೇಲೆ ಮತ್ತೆ ಹನ್ನೊಂದು ಮರಿಗಳನ್ನು ಬಿಟ್ಟೆವು. ಇಷ್ಟು ತೊಟ್ಟಿಗೆ 20 ಮೀನು ಸಾಕು. ಅವು ಕಾಲು ಕಿಲೋ ತೂಗುವಾಗ ದಿನಕ್ಕೆ ಸುಮಾರು 50 ಗ್ರಾಂ ಆಹಾರ. ಒಂದು ಚದರ ಮೀಟರು ಸೊಪ್ಪಿಗೆ ಅದೇ ತಕ್ಕ ಪ್ರಮಾಣ.

ನಿತ್ಯದ ಎಚ್ಚರ

ನಮ್ಮ ಗಡಸು ನೀರಿನಲ್ಲಿ ಗಿಡಗಳಿಗೆ ಕಬ್ಬಿಣದ ಅಂಶ ದಕ್ಕುವುದು ಕಷ್ಟ. ಚಿಗುರೆಲೆ ಹಳದಿಯಾದರೆ ಗಿಡ ಹೀರಬಲ್ಲ ಕಬ್ಬಿಣದ ಲವಣವನ್ನು ಸ್ವಲ್ಪ ಬೆರೆಸಬೇಕು. ಆರಿದಷ್ಟು ನೀರನ್ನು ಕೊಳವೆ ಬಾವಿಯಿಂದಲೇ ತುಂಬುತ್ತ ಹೋದರೆ ನೀರು ಆವಿಯಾಗಿ ಲವಣವೂ ಫ್ಲೋರೈಡೂ ಅಲ್ಲೇ ಗಟ್ಟಿಯಾಗುತ್ತವೆ. ಆದುದರಿಂದ ಮಾಡಿನಿಂದ ಹಿಡಿದ ಮಳೆನೀರೇ ಉತ್ತಮ. ನಲ್ಲಿಯ ನೀರಾದರೆ ಕ್ಲೋರಿನ್ ಹೋಗಲು ಒಂದೆರಡು ದಿನ ತೆರೆದಿಟ್ಟು ಬಳಸಬೇಕು. ಹುಳು ಬಿದ್ದರೆ ಕೈಯಿಂದಲೇ ತೆಗೆಯಬೇಕು. ಕೀಟನಾಶಕವಿರಲಿ, ಬೇವಿನೆಣ್ಣೆಯೂ ಮೀನಿಗೆ ಹಿತವಲ್ಲ.

ಎಲ್ಲಕ್ಕಿಂತ ದೊಡ್ಡ ಭಯ ವಿದ್ಯುತ್ತಿನದು. ಚೈತ್ರದ ಒಂದು ಸೆಕೆಯ ರಾತ್ರಿ ಪಂಪು ನಿಂತಾಗ, ಮನೆಮಂದಿಯೆಲ್ಲ ಸರದಿಯಂತೆ ಚೊಂಬಿನಿಂದ ನೀರೆತ್ತಿ ಮೇಲಿನಿಂದ ಸುರಿದು, ಗಾಳಿ ಬೆರೆಸಿ ಮೀನುಗಳನ್ನು ಉಳಿಸಿಕೊಂಡೆವು. ಮರುದಿನವೇ ಬ್ಯಾಟರಿಯಿಂದ ನಡೆಯುವ ಗಾಳಿಯಂತ್ರವೊಂದನ್ನು ತಂದಿರಿಸಿದೆವು.

ಇದರಿಂದ ಲಾಭವುಂಟೇ ಎಂದು ಕೇಳುವವರಿದ್ದಾರೆ. ಮನೆಯ ಪಲ್ಯಕ್ಕೆ ವಾರದಲ್ಲಿ ಎರಡು ಮೂರು ದಿನ ದಂಟು, ಪಾಲಕ್, ಪುದೀನ ದೊರೆಯುತ್ತವೆ. ಆಗೊಮ್ಮೆ ಈಗೊಮ್ಮೆ ಮೀನಿನ ಸಾರು. ಮೀನು ತಿನ್ನದ ಮನೆಯವರು ಬಣ್ಣದ ಮೀನುಗಳನ್ನು ಸಾಕಿದರೂ ಸೊಪ್ಪಿಗೆ ಕೊರತೆಯಾಗದು. ಆದರೆ ಸಾಲ ಮಾಡಿ ದೊಡ್ಡದಾಗಿ ಕಟ್ಟುವ ವಿಚಾರದಲ್ಲಿ ನಮ್ಮವರು ಎಚ್ಚರದಿಂದಿರಬೇಕು. ಪಕ್ಕದ ಪೆರುಂದುರೈ ಕಡೆ ಈಮು ಹಕ್ಕಿ ಸಾಕಣೆಯ ಹೆಸರಿನಲ್ಲಿ ಹಣ ತೊಡಗಿಸಿ 2012ರಲ್ಲಿ ಕೈಸುಟ್ಟುಕೊಂಡ ಮನೆಗಳ ನೆನಪು ಇನ್ನೂ ಮಾಸಿಲ್ಲ. ಮೀನಿನ ಆಹಾರ, ವಿದ್ಯುತ್ತು, ಮಾರುಕಟ್ಟೆ ಈ ಮೂರರ ಲೆಕ್ಕವನ್ನು ಒಂದು ವರ್ಷ ಚಿಕ್ಕ ತೊಟ್ಟಿಯಲ್ಲಿ ಬರೆದಿಡದೆ ಯಾರೂ ದೊಡ್ಡದಕ್ಕೆ ಕೈಹಾಕಬಾರದೆಂಬುದು ನಮ್ಮ ಬಿನ್ನಹ.

ತೊಡಗಬಯಸುವವರು ಮಳೆಗಾಲಕ್ಕೆ ಮೊದಲೇ ಮಾಡಿನ ನೀರು ಹಿಡಿಯುವ ಏರ್ಪಾಡು ಮಾಡಿಕೊಳ್ಳಲಿ. ಮನೆ ಹತ್ತಿರವಿದ್ದವರು ಬಂದರೆ ಒಂದು ಬುಟ್ಟಿ ಹಸಿ ಜಲ್ಲಿಯನ್ನು ನಾವೇ ಕೊಡುತ್ತೇವೆ. ನೆರೆಮನೆಗೆ ಹೆಪ್ಪು ಇಲ್ಲವೆನ್ನುವ ಪದ್ಧತಿ ನಮ್ಮಲ್ಲಿ ಇಲ್ಲವಷ್ಟೆ.