ಮುಯ್ಯಾಳಿನಿಂದ ಸಮಯ ಬ್ಯಾಂಕಿನವರೆಗೆ



‘ಮುಯ್ಯಿ’ ಎಂಬ ಮಾತು ಕೇಳಿದೊಡನೆ ಇಂದು ನಮ್ಮ ಮನಸ್ಸಿಗೆ ಬರುವುದು ಎರಡೇ ಸಂಗತಿ. ಒಂದು, ಮದುವೆ ಮನೆಯಲ್ಲಿ ಕೊಡುವ ಉಡುಗೊರೆ. ಇನ್ನೊಂದು, ಸೇಡು. ‘ಮುಯ್ಯಿಗೆ ಮುಯ್ಯಿ’ ಎಂದು ಹಲ್ಲು ಕಡಿಯುವವರನ್ನು ನಾವೆಲ್ಲ ಕಂಡಿದ್ದೇವೆ. ಆದರೆ ಈ ಮಾತಿಗೆ ಮೂರನೆಯ ಅರ್ಥವೊಂದಿದೆ. ಇಂದು ನೀನು ನನ್ನ ಹೊಲಕ್ಕೆ ಬಾ, ನಾಳೆ ನಾನು ನಿನ್ನ ಹೊಲಕ್ಕೆ ಬರುತ್ತೇನೆ, ನಡುವೆ ಹಣದ ಮಾತು ಬೇಡ. ಹಳೇ ಮೈಸೂರು ಸೀಮೆಯ ರೈತರು ಇದನ್ನು ‘ಮುಯ್ಯಾಳು’ ಎಂದರು. ಮಲೆನಾಡಿನ ಕಡೆ ಇದು ‘ಮುರಿಯಾಳು’.

ಯಲಹಂಕ, ಜಕ್ಕೂರು, ಹೆಬ್ಬಾಳ, ಕೊಡಿಗೇಹಳ್ಳಿಗಳ ಸುತ್ತ ಒಂದು ಕಾಲದಲ್ಲಿ ರಾಗಿ ಹೊಲಗಳಿದ್ದವು ಎಂದರೆ ಇಂದಿನ ಮಕ್ಕಳು ನಂಬಲಾರರು. ರಾಗಿ ಮಳೆಯನ್ನೇ ನೆಚ್ಚಿದ ಬೆಳೆ. ಭೂಮಿ ಹದವಾಗಿರುವ ಕೆಲವೇ ದಿನಗಳಲ್ಲಿ ಬಿತ್ತನೆ ಮುಗಿಯಬೇಕು. ಕಳೆ ತೆಗೆಯುವುದು ತಡವಾದರೆ ಪೈರು ಸೊರಗುತ್ತದೆ. ಕೊಯ್ಲಿನ ಹೊತ್ತಿಗೆ ಅಕಾಲದ ಮಳೆ ಬಂದರೆ ವರ್ಷದ ಊಟವೇ ಹಾಳು. ಒಂದು ಮನೆಯ ನಾಲ್ಕು ಕೈಗಳು ಇದಕ್ಕೆ ಸಾಲವು, ಕೂಲಿ ಕೊಡಲು ಕೈಯಲ್ಲಿ ಕಾಸಿಲ್ಲ. ಆದ್ದರಿಂದ ಹತ್ತು ಮನೆಯವರು ಸೇರಿ ಒಂದೊಂದು ದಿನ ಒಬ್ಬೊಬ್ಬರ ಹೊಲಕ್ಕೆ ಇಳಿಯುತ್ತಿದ್ದರು. ಹೊಲದೊಡೆಯನ ಮನೆಯಿಂದ ಮುದ್ದೆ ಸಾರು ಬರುತ್ತಿತ್ತು. ಒಂದು ಆಳಿಗೆ ಒಂದು ಆಳು, ಒಂದು ದಿನಕ್ಕೆ ಒಂದು ದಿನ. ಲೆಕ್ಕವೆಲ್ಲ ಬಾಯಲ್ಲೇ, ಆದರೂ ಯಾರ ಮನೆಗೆ ಎಷ್ಟು ಆಳು ಬಾಕಿ ಎಂಬುದು ಎಲ್ಲರಿಗೂ ಗೊತ್ತಿರುತ್ತಿತ್ತು.

ಈ ಏರ್ಪಾಡಿನಲ್ಲಿ ಸಹಾಯ ಪಡೆದವನು ತಲೆ ತಗ್ಗಿಸಬೇಕಾಗಿರಲಿಲ್ಲ. ಅವನು ಪಡೆದದ್ದು ದಾನವಲ್ಲ, ತೀರಿಸಲಿರುವ ಬಾಕಿ. ಇದನ್ನು ಸ್ವಲ್ಪ ಒತ್ತಿ ಹೇಳಬೇಕು, ಏಕೆಂದರೆ ದಾನ ಮಾಡುವುದನ್ನು ನಾವು ಬೇಗ ಕಲಿಯುತ್ತೇವೆ, ದಾನ ಪಡೆಯುವವನ ಸಂಕೋಚವನ್ನು ಮರೆಯುತ್ತೇವೆ.

ಹಾಗೆಂದು ಹಳೆಯದನ್ನೆಲ್ಲ ಹೊಗಳುವುದೂ ಸರಿಯಲ್ಲ. ಮುಯ್ಯಾಳು ನಡೆಯುತ್ತಿದ್ದದ್ದು ಹೊಲ ಇದ್ದವರ ನಡುವೆ, ಬಹುಮಟ್ಟಿಗೆ ಸರೀಕರ ನಡುವೆ. ಹೊಲವೇ ಇಲ್ಲದವನಿಗೆ ಮುಯ್ಯಿ ತೀರಿಸಲು ಜಾಗವೆಲ್ಲಿ? ಅವನು ಕೂಲಿಯವನಾಗಿಯೇ ಉಳಿದ. ಜಾತಿಯ ಗೆರೆಯೂ ಇತ್ತು. ವಿಧವೆಯ ಮನೆಗೋ ಮುದುಕರ ಮನೆಗೋ ಊರವರು ಹೋಗಿ ದುಡಿದರೆ ಅದು ದಯೆ. ಅವರಿಂದ ಆಳು ತಿರುಗಿ ಬರುವಂತಿರಲಿಲ್ಲ.

ಆ ಹೊಲಗಳು ಈಗ ನಿವೇಶನಗಳಾಗಿವೆ. 2007ರಲ್ಲಿ ಯಲಹಂಕ, ಬ್ಯಾಟರಾಯನಪುರ ನಗರಸಭೆಗಳು ಬೃಹತ್ ಬೆಂಗಳೂರಿನೊಳಗೆ ಸೇರಿದವು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆಯಿತು. ಕೈಗಳ ಕೊರತೆ ಮಾತ್ರ ತೀರಲಿಲ್ಲ, ಅದರ ರೂಪ ಬದಲಾಯಿತು ಅಷ್ಟೆ. ಆರ್.ಟಿ. ನಗರದ ಮೂರನೆಯ ಮಹಡಿಯಲ್ಲಿ ಒಬ್ಬರೇ ಇರುವ ಅಜ್ಜಿಗೆ ಮಾತ್ರೆ ತಂದುಕೊಡುವವರು ಬೇಕು. ಮಗಳು ಹೊರದೇಶದಿಂದ ಹಣ ಕಳಿಸಬಲ್ಲಳು, ಕಣ್ಣಾಸ್ಪತ್ರೆಯ ಸಾಲಿನಲ್ಲಿ ಜೊತೆಗೆ ಕೂರಲಾರಳು. ಎದುರು ಮನೆಯ ದಂಪತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಅವರ ಮಗು ಶಾಲೆಯಿಂದ ಬಂದ ಮೇಲೆ ಎರಡು ಗಂಟೆ ನೋಡಿಕೊಳ್ಳುವವರಿಲ್ಲ. ಎರಡು ಬಾಗಿಲುಗಳ ನಡುವೆ ಇರುವುದು ಹತ್ತು ಹೆಜ್ಜೆ.

ಇಂಥ ಬಾಗಿಲುಗಳನ್ನು ಜೋಡಿಸುವ ಏರ್ಪಾಡಿಗೆ ‘ಸಮಯ ಬ್ಯಾಂಕ್’ ಎಂದು ಹೆಸರು. ಜಪಾನಿನ ಒಸಾಕಾದಲ್ಲಿ ತೆರುಕೊ ಮಿಜುಶಿಮಾ ಎಂಬ ಮಹಿಳೆ 1973ರಲ್ಲಿ ಇಂಥದ್ದನ್ನು ಆರಂಭಿಸಿದರು. ಅಮೆರಿಕದಲ್ಲಿ ಇದನ್ನು ಹರಡಿದವರು ಕಾನೂನು ಪ್ರಾಧ್ಯಾಪಕ ಎಡ್ಗರ್ ಕಾನ್. 1980ರಲ್ಲಿ ತೀವ್ರ ಹೃದಯಾಘಾತವಾಗಿ ಹಾಸಿಗೆ ಹಿಡಿದಾಗ, ಎಲ್ಲವನ್ನೂ ಬೇರೆಯವರಿಂದ ಪಡೆಯುತ್ತಾ ತಾನು ಯಾರಿಗೂ ಬೇಡದವನಾದೆನೆಂಬ ನೋವು ಅವರನ್ನು ಕಾಡಿತು. ಅದರಿಂದಲೇ ಈ ಯೋಚನೆ ಮೊಳೆಯಿತು. ನಮ್ಮ ದೇಶದಲ್ಲಿ 2019ರಲ್ಲಿ ಮಧ್ಯಪ್ರದೇಶ ಸರ್ಕಾರ ಸಮಯ ಬ್ಯಾಂಕ್‌ಗಳ ಯೋಜನೆಯನ್ನು ಕೈಗೆತ್ತಿಕೊಂಡಿತು.

ಕ್ರಮ ಬಹಳ ಸರಳ. ನೀವು ಅಜ್ಜಿಯೊಡನೆ ಆಸ್ಪತ್ರೆಗೆ ಹೋಗಿ ಮೂರು ಗಂಟೆ ಕಳೆದರೆ ನಿಮ್ಮ ಖಾತೆಗೆ ಮೂರು ಗಂಟೆ ಜಮಾ, ಅಜ್ಜಿಯ ಖಾತೆಯಲ್ಲಿ ಮೂರು ಗಂಟೆ ಖರ್ಚು. ವಕೀಲರ ಗಂಟೆಯೂ ಒಂದೇ, ನಲ್ಲಿ ರಿಪೇರಿಯ ಗಂಟೆಯೂ ಒಂದೇ. ಮುಯ್ಯಾಳಿಗೂ ಇದಕ್ಕೂ ಇರುವ ದೊಡ್ಡ ಅಂತರವೆಂದರೆ, ಬಾಕಿಯನ್ನು ಕೊಟ್ಟವರಿಗೇ ತೀರಿಸಬೇಕಿಲ್ಲ. ಅಜ್ಜಿ ಎದುರು ಮನೆಯ ಮಗುವಿಗೆ ಕನ್ನಡ ಓದಿಸಲಿ, ಆ ಮಗುವಿನ ತಂದೆ ನಿಮ್ಮ ಫ್ಯಾನ್ ಸರಿಮಾಡಲಿ, ಲೆಕ್ಕ ಸರಿಹೋಯಿತು. ಹೊಲವಿಲ್ಲದವನು, ಗುದ್ದಲಿ ಹಿಡಿಯಲಾರದವನು ಹಳೆಯ ಲೆಕ್ಕದಿಂದ ಹೊರಗುಳಿದಿದ್ದ. ಇಲ್ಲಿ ಅವನಿಗೂ ಖಾತೆಯುಂಟು.

ತೊಡಕುಗಳೂ ಇವೆ. ಇಂದು ಕೂಡಿಟ್ಟ ಗಂಟೆಗಳನ್ನು ಇಪ್ಪತ್ತು ವರ್ಷದ ನಂತರ ಕೇಳಿದರೆ ಕೊಡುವವರು ಯಾರು? ಸ್ವಿಟ್ಜರ್ಲೆಂಡಿನ ಸೇಂಟ್ ಗ್ಯಾಲೆನ್ ನಗರದಲ್ಲಿ ಮುಪ್ಪಿಗಾಗಿ ಸಮಯ ಕೂಡಿಡುವ ಏರ್ಪಾಡಿಗೆ ನಗರಾಡಳಿತವೇ ಜಾಮೀನು ನಿಂತಿದೆ. ಒಬ್ಬರು 750 ಗಂಟೆಗಿಂತ ಹೆಚ್ಚು ಕೂಡಿಡುವಂತಿಲ್ಲ. ಬಾಡಿಗೆದಾರರು ಹನ್ನೊಂದು ತಿಂಗಳಿಗೊಮ್ಮೆ ಮನೆ ಬದಲಿಸುವ ನಮ್ಮ ಬಡಾವಣೆಗಳಲ್ಲಿ ಅಷ್ಟು ದೂರದ ಭರವಸೆ ಬೇಡವೆಂದೇ ನನ್ನ ಅನಿಸಿಕೆ. ವರ್ಷದೊಳಗೆ ಕೊಟ್ಟು ತೆಗೆದುಕೊಂಡರೆ ಸಾಕು. ಅಪರಿಚಿತರನ್ನು ಮನೆಯೊಳಗೆ ಬಿಡುವ ಭಯವೂ ನ್ಯಾಯವಾದದ್ದೇ. ಅದಕ್ಕೆಂದೇ ಒಂದೇ ಬೀದಿಯ, ಮುಖಪರಿಚಯವಿರುವ ಇಪ್ಪತ್ತು ಮನೆಗಳಿಂದ ಆರಂಭಿಸುವುದು ಒಳ್ಳೆಯದು. ಒಂದು ನೋಟು ಪುಸ್ತಕ, ಫೋನಿಗೆ ಸಿಗುವ ಒಬ್ಬ ನಿವೃತ್ತರು, ಇಷ್ಟೇ ಬಂಡವಾಳ.

ಪುಸ್ತಕದಲ್ಲಿ ಪ್ರತಿ ಮನೆಗೂ ಎರಡು ಅಂಕಣ: ‘ನಾನು ಕೊಡಬಲ್ಲೆ’, ‘ನನಗೆ ಬೇಕು’. ಸಮಯ ಬ್ಯಾಂಕ್ ನಡೆಸಿದವರಿಗೆ ಹಲವೆಡೆ ಆದ ಅನುಭವವೆಂದರೆ, ಮೊದಲನೆಯದು ಬೇಗ ತುಂಬುತ್ತದೆ, ಎರಡನೆಯದು ಖಾಲಿ ಉಳಿಯುತ್ತದೆ. ಕೊಡಲು ಎಲ್ಲರೂ ಸಿದ್ಧ, ಕೇಳಲು ಯಾರಿಗೂ ಬಾಯಿ ಬಾರದು. ಆದ್ದರಿಂದ ನಿಮ್ಮ ಬೀದಿಯಲ್ಲಿ ಇದನ್ನು ಆರಂಭಿಸುವ ಮನಸ್ಸಿದ್ದರೆ, ಮೊದಲ ದಿನವೇ ನಿಮ್ಮ ಹೆಸರಿನ ಮುಂದೆ ಎರಡನೆಯ ಅಂಕಣದಲ್ಲಿ ಒಂದು ಬೇಡಿಕೆಯನ್ನು ಬರೆದು, ಆಮೇಲೆ ಪುಸ್ತಕವನ್ನು ಪಕ್ಕದ ಮನೆಗೆ ಕೊಡಿ.